ಕ್ಯಾನ್ಸರ್ ಪೀಡಿತರಿಗೆ ಮಾರ್ಗದರ್ಶನ ಮತ್ತು ಆಸರೆ: ಜಾನಪದ ಅಧ್ಯಯನದ ನೆಲೆಯಿಂದ

ಕನ್ನಡ ಜಾನಪದ ಅಧ್ಯಯನವು ಜನಪದ ವೈದ್ಯವನ್ನು ಬಹುಕಾಲ ಮದ್ದುಗಳ ಪಟ್ಟಿಯಾಗಿ ನೋಡಿದೆ. ಯಾವ ಬೇರು ಯಾವ ರೋಗಕ್ಕೆ, ಯಾವ ಸೊಪ್ಪು ಯಾವ ಗಾಯಕ್ಕೆ ಎಂಬ ಸಂಗ್ರಹಕಾರ್ಯ ಸಾಕಷ್ಟು ನಡೆದಿದೆ. ರೋಗಿಯೊಡನೆ ಯಾರು ಮಾತನಾಡುತ್ತಾರೆ, ಯಾವ ಮಾತಿನಲ್ಲಿ ಹೇಳುತ್ತಾರೆ, ಏನನ್ನು ಮುಚ್ಚಿಡುತ್ತಾರೆ ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಚಿಕಿತ್ಸೆ ಬೇಡುವ ಕ್ಯಾನ್ಸರಿನಂತಹ ರೋಗದಲ್ಲಿ ಈ ಪ್ರಶ್ನೆಗಳು ಮದ್ದಿನ ಪ್ರಶ್ನೆಯಷ್ಟೇ ಮುಖ್ಯವಾಗುತ್ತವೆ. ಚಿಕಿತ್ಸೆ ಲಭ್ಯವಿದ್ದೂ ರೋಗಿ ಅದನ್ನು ನಡುವೆ ಬಿಟ್ಟುಹೋಗುವುದಕ್ಕೆ, ತಡವಾಗಿ ಬರುವುದಕ್ಕೆ, ಬಂದರೂ ಬಾಯಿಬಿಡದೆ ಇರುವುದಕ್ಕೆ ಬಡತನದಷ್ಟೇ ಮಾತಿನ ಈ ಅಂತರವೂ ಕಾರಣವಾಗುತ್ತದೆ.

ಕ್ಯಾನ್ಸರ್ ಪೀಡಿತ ವ್ಯಕ್ತಿಗೆ ಅವರವರ ಸ್ಥಿತಿಗೆ ತಕ್ಕಂತೆ ನೀಡಬೇಕಾದ ಮಾರ್ಗದರ್ಶನ ಮತ್ತು ಆಸರೆಯ ಪರಿಕಲ್ಪನೆಯನ್ನು ಕನ್ನಡ ಜನಪದರ ರೋಗಗ್ರಹಿಕೆಯ ಹಿನ್ನೆಲೆಯಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ. ರೋಗಿ ತನ್ನ ಬೇನೆಯನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾನೋ ಅಲ್ಲಿಂದ ಆರಂಭವಾಗದ ಮಾರ್ಗದರ್ಶನವು, ಎಷ್ಟೇ ಸರಿಯಾದ ಮಾಹಿತಿಯನ್ನು ಒಳಗೊಂಡಿದ್ದರೂ, ಅವನನ್ನು ತಲುಪುವುದಿಲ್ಲ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

1. ಹೆಸರಿನ ಪ್ರಶ್ನೆ

ಅಸ್ವಾಸ್ಥ್ಯವನ್ನು ಸೂಚಿಸಲು ಕನ್ನಡದಲ್ಲಿ ಹಲವು ಮಾತುಗಳಿವೆ. ಉತ್ತರ ಕರ್ನಾಟಕದಲ್ಲಿ ಜಡ್ಡು, ಬ್ಯಾನಿ; ಹಳೆಯ ಮೈಸೂರು ಭಾಗದಲ್ಲಿ ಕಾಯಿಲೆ; ಕರಾವಳಿಯಲ್ಲಿ ಸೀಕು. ಇವೆಲ್ಲ ಪರಸ್ಪರ ಸಮಾನಾರ್ಥಕಗಳಲ್ಲ. 'ರೋಗ' ಎಂಬುದು ವೈದ್ಯ ಗುರುತಿಸುವಂಥದ್ದು, 'ಬೇನೆ' ಎಂಬುದು ಅನುಭವಿಸುವವರು ಹೇಳುವಂಥದ್ದು. ಅಮೆರಿಕದ ಮನೋವೈದ್ಯ ಹಾಗೂ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1970ರ ದಶಕದ ಕೊನೆಯಲ್ಲಿ ಮಂಡಿಸಿದ ವಿಚಾರಕ್ಕೆ ಈ ಭೇದ ಬಹಳ ಹತ್ತಿರವಾಗಿದೆ. ದೇಹದಲ್ಲಿ ನಡೆಯುವ ವಿಕಾರ ಒಂದು, ವ್ಯಕ್ತಿ ಮತ್ತು ಅವನ ಕುಟುಂಬ ಅದಕ್ಕೆ ಕೊಡುವ ಅರ್ಥ ಇನ್ನೊಂದು ಎಂದು ಅವರು ಬೇರ್ಪಡಿಸಿದರು. ಈ ತೊಂದರೆಯನ್ನು ನೀವು ಏನೆಂದು ಕರೆಯುತ್ತೀರಿ, ಏಕೆ ಬಂತೆಂದು ತಿಳಿದಿದ್ದೀರಿ, ಇದರಲ್ಲಿ ನಿಮಗೆ ಹೆಚ್ಚು ಭಯ ಹುಟ್ಟಿಸುವುದು ಯಾವುದು ಎಂಬಂತಹ ಪ್ರಶ್ನೆಗಳನ್ನು ವೈದ್ಯರು ಕೇಳಬೇಕೆಂದು ಸೂಚಿಸಿದರು.

ಸುಶ್ರುತಸಂಹಿತೆಯಲ್ಲಿ 'ಅರ್ಬುದ' ಎಂಬ ಮಾತು ದೇಹದಲ್ಲಿ ಬೆಳೆಯುವ ಗಡ್ಡೆಯನ್ನು ಸೂಚಿಸುತ್ತದೆ. ಗ್ರೀಕ್ ವೈದ್ಯರು ಈ ರೋಗಕ್ಕೆ ಏಡಿಯ ಹೆಸರಿಟ್ಟರು. ಕನ್ನಡದಲ್ಲಿ 'ಏಡಿಗಂತಿ' ಎಂಬ ಹೊಸ ಪದವೂ ರೂಪುಗೊಂಡಿತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಕ್ಯಾನ್ಸರ್ ಎಂಬ ಇಂಗ್ಲಿಷ್ ಮಾತೇ. ಅದನ್ನೂ ಬಹುಮಟ್ಟಿಗೆ ತಪ್ಪಿಸಿ ಗಂಟು, ಗಡ್ಡೆ, ಹುಣ್ಣು, ದೊಡ್ಡ ಕಾಯಿಲೆ, 'ಆ ರೋಗ' ಎಂದು ಮರೆಮಾತುಗಳಲ್ಲಿ ಹೇಳುವುದು ರೂಢಿ.

ಜನಪದರಲ್ಲಿ ಮರೆಮಾತು ಹೊಸದಲ್ಲ. ಸಿಡುಬನ್ನು 'ಅಮ್ಮ' ಎಂದು ಕರೆದ ಸಮಾಜವಿದು. ಆದರೆ ಸಿಡುಬಿನ ಮರೆಮಾತಿನ ಹಿಂದೆ ಒಂದು ಪೂರ್ಣ ವ್ಯವಸ್ಥೆಯಿತ್ತು. ಬಾಗಿಲಿಗೆ ಬೇವಿನ ಸೊಪ್ಪು, ಮನೆಯಲ್ಲಿ ಒಗ್ಗರಣೆಗೆ ನಿಷೇಧ, ತಂಪು ಆಹಾರ, ರೋಗಿಗೆ ನೀರು ಹಾಕುವ ದಿನ, ದೇವಿಗೆ ತಂಬಿಟ್ಟು, ಮೊಸರನ್ನದ ಎಡೆ - ಹೀಗೆ ಮನೆಯವರೆಲ್ಲ ಏನು ಮಾಡಬೇಕೆಂಬುದು ನಿಶ್ಚಿತವಾಗಿತ್ತು. ಅಮ್ಮ ಬಂದಿದ್ದಾಳೆಂಬುದನ್ನು ಬಾಗಿಲ ಬೇವೇ ಬೀದಿಗೆ ತಿಳಿಸುತ್ತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಆ ಅಪರಿಚಿತ ರೋಗವನ್ನೂ ಜನರು ಪ್ಲೇಗ್ ಮಾರಮ್ಮನಾಗಿ ಮಾಡಿಕೊಂಡು ತಮ್ಮ ಅರ್ಥಲೋಕದೊಳಗೆ ತಂದರು. ಕ್ಯಾನ್ಸರಿಗೆ ಇಂತಹ ಅಮ್ಮನಿಲ್ಲ. ಅದಕ್ಕೆ ಜಾತ್ರೆಯಿಲ್ಲ, ಮನೆಮಂದಿಯೆಲ್ಲ ಕೂಡಿ ಪಾಲಿಸುವ ನೇಮವಿಲ್ಲ. ಸಿಡುಬಿನ ಮರೆಮಾತು ಮನೆಯವರನ್ನು ಒಗ್ಗೂಡಿಸುತ್ತಿತ್ತು. ಕ್ಯಾನ್ಸರಿನ ಮರೆಮಾತು ರೋಗಿಯನ್ನು ಒಂಟಿಯಾಗಿಸುತ್ತದೆ. ಈ ಖಾಲಿ ಜಾಗದಲ್ಲಿಯೇ ಇಂದಿನ ಮಾರ್ಗದರ್ಶಕನ ಪಾತ್ರ ಹುಟ್ಟಬೇಕಾಗಿದೆ.

2. ಮಾರ್ಗದರ್ಶಕ ಎಂಬ ಪಾತ್ರ

ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಹೆರಾಲ್ಡ್ ಫ್ರೀಮನ್, ಬಡ ಕಪ್ಪು ಮಹಿಳೆಯರು ಸ್ತನ ಕ್ಯಾನ್ಸರ್ ಬಲಿತ ಮೇಲೆಯೇ ಆಸ್ಪತ್ರೆಗೆ ಬರುವುದನ್ನು ಕಂಡು, 1990ರಲ್ಲಿ ರೋಗಿಗಳಿಗೆ ದಾರಿ ತೋರುವ ಕಾರ್ಯಕ್ರಮವೊಂದನ್ನು ಆರಂಭಿಸಿದರು. ಅನುಮಾನ ಹುಟ್ಟಿದ ಕ್ಷಣದಿಂದ ಚಿಕಿತ್ಸೆ ಮುಗಿಯುವವರೆಗೆ ರೋಗಿಯ ಜೊತೆಗಿದ್ದು ಕಾಗದಪತ್ರ, ಹಣ, ಪ್ರಯಾಣ, ಭಯ ಇವುಗಳ ಅಡೆತಡೆಯನ್ನು ಒಂದೊಂದಾಗಿ ನಿವಾರಿಸುವುದು ಈ ಮಾರ್ಗದರ್ಶಕರ ಕೆಲಸ. ಭಾರತದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವು 2010ರ ದಶಕದ ಕೊನೆಯಲ್ಲಿ ಇಂತಹವರಿಗೆ ತರಬೇತಿ ನೀಡಲು ಆರಂಭಿಸಿದ ಕಾರ್ಯಕ್ರಮಕ್ಕೆ 'ಕೇವಟ' ಎಂಬ ಹೆಸರಿದೆ. ತುಲಸೀದಾಸರ ರಾಮಚರಿತಮಾನಸದಲ್ಲಿ ರಾಮನನ್ನು ಗಂಗೆ ದಾಟಿಸುವ ಅಂಬಿಗನ ಹೆಸರು ಅದು. ಆಧುನಿಕ ಆಸ್ಪತ್ರೆಯೊಂದು ತನ್ನ ಹೊಸ ಹುದ್ದೆಗೆ ಹೆಸರನ್ನು ಕಥನಪರಂಪರೆಯಿಂದ ಆರಿಸಿಕೊಂಡಿರುವುದು ಗಮನಾರ್ಹ.

ಕರ್ನಾಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಮುಖ್ಯ ಸಾರ್ವಜನಿಕ ಕೇಂದ್ರವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಕಾರ್ಯವೂ ಅಲ್ಲಿ ನಡೆಯುತ್ತ ಬಂದಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ವ್ಯಾಪ್ತಿಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಆದರೆ ರಾಯಚೂರು ಅಥವಾ ಬೀದರ ಕಡೆಯ ಹಳ್ಳಿಯಿಂದ ಬರುವ ಕೂಲಿಕಾರ ಕುಟುಂಬಕ್ಕೆ ಯೋಜನೆಯಿದೆ ಎಂಬುದು ಮೊದಲ ಮೆಟ್ಟಿಲು ಮಾತ್ರ. ವಿಕಿರಣ ಚಿಕಿತ್ಸೆಯೆಂದರೆ ಬಹುಪಾಲು ವಾರಕ್ಕೆ 5 ದಿನಗಳಂತೆ ಹಲವು ವಾರ. ಅಷ್ಟು ದಿನ ಎಲ್ಲಿ ಇಳಿದುಕೊಳ್ಳುವುದು, ಕಟಾವಿನ ಕಾಲದ ಕೂಲಿ ತಪ್ಪಿದರೆ ಏನು ಮಾಡುವುದು, ಊರಲ್ಲಿ ಬಿಟ್ಟುಬಂದ ಮಕ್ಕಳನ್ನು ಯಾರು ನೋಡುವುದು ಎಂಬ ಪ್ರಶ್ನೆಗಳಿಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ವ್ಯಕ್ತಿಗೆ ತಕ್ಕ ಮಾರ್ಗದರ್ಶನದ ಅಗತ್ಯ ಇಲ್ಲಿದೆ.

ಇಂತಹ ಒಡನಾಟದ ಮಾದರಿ ನಮ್ಮಲ್ಲಿ ಇಲ್ಲದಿರಲಿಲ್ಲ. ಸೂಲಗಿತ್ತಿಯು ಹೆರಿಗೆ ಮಾಡಿಸಿ ಹೊರಟುಹೋಗುವವಳಲ್ಲ. ಬಸುರಿಯ ಮನೆ, ಹಿಂದಿನ ಹೆರಿಗೆಗಳು, ಅತ್ತೆಯ ಸ್ವಭಾವ, ಅಡುಗೆಮನೆಯ ಸ್ಥಿತಿ ಎಲ್ಲವೂ ಅವಳಿಗೆ ಗೊತ್ತು. ಹೆರಿಗೆಯ ನಂತರವೂ ಬಂದು ತಾಯಿಗೆ, ಮಗುವಿಗೆ ನೀರು ಹಾಕುತ್ತಾಳೆ, ಪಥ್ಯ ಹೇಳುತ್ತಾಳೆ, ಬಾಣಂತಿಯ ಅಳುವನ್ನು ಕೇಳಿಸಿಕೊಳ್ಳುತ್ತಾಳೆ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಮೂಲಕ ಈ ಪಾತ್ರಕ್ಕೆ ರಾಷ್ಟ್ರದ ಮನ್ನಣೆ ದೊರೆಯಿತು. ಮದ್ದು, ಮಾತು, ಒಡನಾಟ ಮೂರೂ ಒಬ್ಬರಲ್ಲಿಯೇ ಸೇರಿದ್ದುದು ಸೂಲಗಿತ್ತಿಯ ವಿಶೇಷ. ಆಸ್ಪತ್ರೆಯಲ್ಲಿ ಇವು ಮೂರು ಬೇರೆ ಬೇರೆ ಕೋಣೆಗಳಿಗೆ ಹಂಚಿಹೋಗಿವೆ. ಅವನ್ನು ರೋಗಿಯ ಮಟ್ಟಿಗೆ ಮತ್ತೆ ಒಂದುಗೂಡಿಸುವವನೇ ಮಾರ್ಗದರ್ಶಕ.

3. ಹೇಳುವುದು ಮತ್ತು ಮುಚ್ಚಿಡುವುದು

ಕ್ಯಾನ್ಸರ್ ಎಂದು ತಿಳಿದಾಗ ಮನೆಯವರು ಮೊದಲು ಕೇಳಿಕೊಳ್ಳುವುದು ರೋಗಿಗೆ ಹೇಳಬೇಡಿ ಎಂದು. ಗಂಡನಿಗೆ, ಮಗನಿಗೆ, ಅಳಿಯನಿಗೆ ತಿಳಿದಿರುವ ಸಂಗತಿ ರೋಗಿಯಾದ ಹೆಂಗಸಿಗೆ ಮಾತ್ರ ತಿಳಿದಿರುವುದಿಲ್ಲ. ಇದನ್ನು ಕೇವಲ ವಂಚನೆಯೆಂದು ತಿಳಿಯುವುದು ಸರಿಯಲ್ಲ. ಎದೆಯೊಡೆದುಕೊಂಡಾಳೆಂಬ ಕಾಳಜಿ ಅದರಲ್ಲಿದೆ. ಮನೆಯ ವಿಷಯವನ್ನು ಹಿರಿಯರು ತೀರ್ಮಾನಿಸಬೇಕೆಂಬ ಕೂಡುಕುಟುಂಬದ ಕ್ರಮವೂ ಅದರಲ್ಲಿದೆ.

ಇದರ ಒಳಸುಳಿಗಳನ್ನು ಅರಿಯಲು ಉತ್ತರ ಕರ್ನಾಟಕದ ಪ್ರಸಿದ್ಧ ಕಥನಗೀತೆ 'ಕೆರೆಗೆ ಹಾರ' ನೆರವಾಗುತ್ತದೆ. ಕೆರೆಯಲ್ಲಿ ನೀರು ಬೀಳಲು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡಬೇಕೆಂಬ ತೀರ್ಮಾನ ಮನೆಯಲ್ಲಿ ಆಗುತ್ತದೆ. ಅವಳಿಗೆ ಯಾರೂ ಅದನ್ನು ನೇರವಾಗಿ ಹೇಳುವುದಿಲ್ಲ. ಆದರೂ ಅವಳಿಗೆ ತಿಳಿದುಹೋಗುತ್ತದೆ. ತವರಿಗೆ ಹೋದಾಗ ಮುಖ ಬಾಡಿದ್ದೇಕೆಂದು ಹೆತ್ತವರು ಕೇಳಿದರೆ, ಅತ್ತೆ ಮಾವ ತನ್ನನ್ನು ಬೇರೆ ಇಡುತ್ತಾರಂತೆ ಎಂದು ಬೇರೊಂದು ಕಾರಣ ಹೇಳುತ್ತಾಳೆ. ನಿಜವನ್ನು ಹೇಳುವುದು ಗೆಳತಿಯ ಮುಂದೆ ಮಾತ್ರ. ಕ್ಯಾನ್ಸರ್ ರೋಗಿಯ ಸ್ಥಿತಿಯನ್ನು ಬಲಿಗೆ ಹೋಲಿಸುವುದು ಇಲ್ಲಿನ ಆಶಯವಲ್ಲ. ಗೀತೆಯಲ್ಲಿ ಕಾಣುವ ಮಾತಿನ ವಿನ್ಯಾಸವಷ್ಟೇ ಮುಖ್ಯ. ಮುಚ್ಚಿಟ್ಟದ್ದು ಮುಚ್ಚಿದಂತೆ ಉಳಿಯುವುದಿಲ್ಲ. ತಿಳಿದವಳು ತನ್ನವರನ್ನು ನೋಯಿಸಬಾರದೆಂದು ತಾನೂ ಮುಚ್ಚಿಡುತ್ತಾಳೆ. ಹೀಗೆ ಇಬ್ಬದಿಯ ಮೌನ ಬೆಳೆಯುತ್ತದೆ. ಆ ಮೌನ ಒಡೆಯುವುದು ರಕ್ತಸಂಬಂಧದ ಹೊರಗಿದ್ದೂ ಹತ್ತಿರದವಳಾದ ಗೆಳತಿಯ ಮುಂದೆ.

ಗೀತೆಯ ಗೆಳತಿ ಕೇಳಿಸಿಕೊಳ್ಳುತ್ತಾಳೆ, ಆದರೆ ಬಂದದ್ದನ್ನು ಒಪ್ಪಿಕೊಂಡಿರಬೇಕೆನ್ನುವುದರ ಆಚೆ ಅವಳು ಹೋಗಲಾರಳು. ಅವಳ ಕೈಯಲ್ಲಿ ಬೇರೆ ದಾರಿಯಿಲ್ಲ. ಇಂದಿನ ಮಾರ್ಗದರ್ಶಕ ಆ ಗೆಳತಿಯ ಸ್ಥಾನದಲ್ಲಿ ನಿಂತವನು, ಆದರೆ ಅವನ ಕೈಯಲ್ಲಿ ದಾರಿಗಳಿವೆ. ಕೇಳಿಸಿಕೊಳ್ಳುವುದರ ಜೊತೆಗೆ ಮುಂದಿನ ಹೆಜ್ಜೆಯನ್ನು ತೋರಿಸುವುದು ಅವನಿಗೆ ಸಾಧ್ಯ.

ಕಹಿಸುದ್ದಿ ತಿಳಿಸಲು ವೈದ್ಯಕೀಯ ಶಿಕ್ಷಣದಲ್ಲಿ ಇಂದು ಬಳಕೆಯಲ್ಲಿರುವ, 2000ದಲ್ಲಿ ಪ್ರಕಟವಾದ ಆರು ಹಂತಗಳ ಕ್ರಮವೊಂದಿದೆ. ಏಕಾಂತದ ಸ್ಥಳವನ್ನು ಸಿದ್ಧಪಡಿಸುವುದು, ರೋಗಿಗೆ ಈಗಾಗಲೇ ಏನು ಗೊತ್ತಿದೆಯೆಂದು ಕೇಳುವುದು, ಎಷ್ಟು ತಿಳಿಯಬಯಸುತ್ತಾರೆಂದು ಕೇಳುವುದು, ಸರಳ ಮಾತಿನಲ್ಲಿ ತಿಳಿಸುವುದು, ಭಾವನೆಗೆ ಸ್ಪಂದಿಸುವುದು, ಮುಂದಿನ ಯೋಜನೆಯನ್ನು ಹೇಳುವುದು - ಇವು ಆ ಹಂತಗಳು. ಇದರಲ್ಲಿ ಎರಡನೆಯ ಮತ್ತು ಮೂರನೆಯ ಹಂತಗಳೇ ನಮ್ಮ ಸಮಾಜಕ್ಕೆ ಹೆಚ್ಚು ಪ್ರಸ್ತುತ. ಹೇಳಬೇಕೋ ಬೇಡವೋ ಎಂದು ಮನೆಯವರೊಡನೆ ವಾದಿಸುವ ಬದಲು, ಎಷ್ಟು ತಿಳಿಯಬೇಕೆಂಬುದನ್ನು ರೋಗಿಯಿಂದಲೇ ಕೇಳಿ ತಿಳಿಯಲು ಈ ಕ್ರಮ ಅವಕಾಶ ಕೊಡುತ್ತದೆ. 'ನಿಮ್ಮ ಬೇನೆಯ ಬಗ್ಗೆ ಎಲ್ಲವನ್ನೂ ನಿಮಗೇ ಹೇಳಬೇಕೋ, ಮಗನಿಗೆ ಹೇಳಿದರೆ ಸಾಕೋ' ಎಂಬ ಒಂದು ಪ್ರಶ್ನೆ ರೋಗಿಯ ಹಕ್ಕು ಮತ್ತು ಮನೆಯ ಮರ್ಯಾದೆ ಎರಡನ್ನೂ ಉಳಿಸುತ್ತದೆ. ಮಗನಿಗೇ ಹೇಳಿ ಎಂದು ರೋಗಿ ತಾನಾಗಿ ಹೇಳಿದರೆ ಅದೂ ಅವರ ತೀರ್ಮಾನವೇ.

ಹೆಂಗಸರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗರ್ಭಕೊರಳಿನ ಕ್ಯಾನ್ಸರಿನ ಲಕ್ಷಣಗಳಾದ ಅಕಾಲದ ರಕ್ತಸ್ರಾವ, ದುರ್ವಾಸನೆಯ ಬಿಳಿಸೆರಗು ಇವು ಗಂಡಸರ ಎದುರು ಆಡುವ ಮಾತುಗಳಲ್ಲ. ಗಂಡನೋ ಮಗನೋ ನಡುವೆ ನಿಂತು ರೋಗಿಯ ಪರವಾಗಿ ಮಾತನಾಡುವಲ್ಲಿ ಈ ಮಾತುಗಳು ವೈದ್ಯರನ್ನು ತಲುಪುವುದೇ ಇಲ್ಲ. 30 ವರ್ಷ ಮೀರಿದವರಿಗೆ ಬಾಯಿ, ಸ್ತನ ಹಾಗೂ ಗರ್ಭಕೊರಳಿನ ತಪಾಸಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರನ್ನು ತೊಡಗಿಸಿರುವುದರ ಮಹತ್ವ ಇಲ್ಲಿದೆ. ಅವರು ಅದೇ ಊರಿನವರು; ಅಕ್ಕ, ಅವ್ವ ಎಂದು ಕರೆದು ಹಿತ್ತಲಲ್ಲಿ ಕೂತು ಮಾತನಾಡಬಲ್ಲವರು.

4. ಆಸ್ಪತ್ರೆಯ ಮಾತು, ಮನೆಯ ಮಾತು

ಚಿಕಿತ್ಸೆ ಆರಂಭವಾದ ಮೇಲೆ ಎರಡು ಭಾಷೆಗಳು ಮುಖಾಮುಖಿಯಾಗುತ್ತವೆ. ವಿಕಿರಣ ಚಿಕಿತ್ಸೆಯನ್ನು ಜನರು 'ಕರೆಂಟ್ ಕೊಡುವುದು' ಎನ್ನುತ್ತಾರೆ. ಯಂತ್ರದ ಕೆಳಗೆ ಮಲಗಿಸಿ, ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚುವ ದೃಶ್ಯವನ್ನು ಕಂಡವರಿಗೆ ಈ ಹೆಸರು ಸಹಜವಾಗಿ ಹೊಳೆಯುತ್ತದೆ. ಆದರೆ ಕರೆಂಟ್ ಎಂದೊಡನೆ ಸುಡುವುದು, ಹೊಡೆಯುವುದು, ಸಾಯುವುದು ಎಂಬ ಅರ್ಥಗಳು ಹಿಂಬಾಲಿಸುತ್ತವೆ. 'ಕರೆಂಟ್ ಅಲ್ಲ, ವಿಕಿರಣ' ಎಂದು ತಿದ್ದುವುದರಿಂದ ಪ್ರಯೋಜನವಿಲ್ಲ. ಇದು ಎಕ್ಸ್‌ರೇ ತೆಗೆಯುವಂತೆಯೇ, ಕಿರಣ ಬೀಳುವಾಗ ಮೈಗೆ ನೋವಾಗುವುದಿಲ್ಲ, ಕೆಲವು ವಾರಗಳಲ್ಲಿ ಆ ಭಾಗದ ಚರ್ಮ ಕಪ್ಪಾಗಬಹುದು, ಬಾಯಿಗೆ ಕೊಟ್ಟರೆ ನುಂಗಲು ಕಷ್ಟವಾಗಬಹುದು ಎಂದು ರೋಗಿಯ ಮಾತಿನೊಳಗಿಂದಲೇ ವಿವರಿಸಿದರೆ ಭಯದ ಪ್ರಮಾಣ ಇಳಿಯುತ್ತದೆ.

ಗಂಟಿಗೆ ಕಬ್ಬಿಣ ತಾಗಿಸಬಾರದು, ತಾಗಿದರೆ ಕೆರಳಿ ಹರಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಪರೀಕ್ಷೆಗಾಗಿ ಚೂರು ತೆಗೆಯುವ ಹಂತದಲ್ಲಿಯೇ ಅನೇಕರು ಹಿಂದೆ ಸರಿಯುವುದಕ್ಕೆ ಇದೂ ಒಂದು ಕಾರಣ. ಬಲಿತ ರೋಗಕ್ಕೆ ಶಸ್ತ್ರಚಿಕಿತ್ಸೆಯಾಗಿಯೂ ಬದುಕದ ಬಂಧುವಿನ ನೆನಪು ಇಂತಹ ನಂಬಿಕೆಯನ್ನು ಗಟ್ಟಿಗೊಳಿಸುತ್ತದೆ. ನಂಬಿಕೆಯನ್ನು ಹೀಗಳೆಯದೆ ಆ ನೆನಪನ್ನು ಕೇಳಿಸಿಕೊಂಡು, ಆ ಬಂಧು ಎಷ್ಟು ತಡವಾಗಿ ಬಂದಿದ್ದರೆಂಬುದನ್ನು ಜೊತೆಯಲ್ಲಿಯೇ ಲೆಕ್ಕ ಹಾಕುವುದು ಸರಿಯಾದ ದಾರಿ.

ಪಥ್ಯದ ವಿಷಯ ಇನ್ನೂ ಸೂಕ್ಷ್ಮ. ಕನ್ನಡ ಜನಪದರ ಆಹಾರವಿವೇಕದಲ್ಲಿ ಉಷ್ಣ, ಶೀತ, ವಾಯು ಇವುಗಳ ಜೊತೆಗೆ 'ನಂಜು' ಎಂಬ ವಿಶಿಷ್ಟ ಪರಿಕಲ್ಪನೆಯಿದೆ. ಗಾಯವನ್ನು ಕೀವಾಗಿಸುವ, ಹುಣ್ಣನ್ನು ಕೆರಳಿಸುವ ಗುಣ ಬದನೆಕಾಯಿ, ಒಣಮೀನು ಮುಂತಾದವುಗಳಿಗಿದೆಯೆಂದು ನಂಬಲಾಗಿದೆ. ಕ್ಯಾನ್ಸರನ್ನು ಹುಣ್ಣೆಂದು ತಿಳಿದ ಮನೆಯಲ್ಲಿ ನಂಜಿನ ಪಟ್ಟಿ ಬೆಳೆಯುತ್ತ ಹೋಗಿ ಕೊನೆಗೆ ರೋಗಿಗೆ ತಿಳಿಗಂಜಿ ಮಾತ್ರ ಉಳಿಯುತ್ತದೆ. ಔಷಧಿ ಚಿಕಿತ್ಸೆಯ ಕಾಲದಲ್ಲಿ ದೇಹಕ್ಕೆ ಹೆಚ್ಚಿನ ಪುಷ್ಟಿ ಬೇಕು. ತೂಕ ಇಳಿದು ರಕ್ತಕಣಗಳ ಸಂಖ್ಯೆಯೂ ಕುಸಿದರೆ ಮುಂದಿನ ಸುತ್ತನ್ನು ಮುಂದೂಡಬೇಕಾಗಬಹುದು. ಎಲ್ಲವನ್ನೂ ತಿನ್ನಿ ಎಂಬ ಸಾರ್ವತ್ರಿಕ ಸಲಹೆ ಇಂತಹ ಮನೆಯಲ್ಲಿ ಸೋಲುತ್ತದೆ. ಆ ಮನೆಯವರ ನಂಜಿನ ಪಟ್ಟಿಯ ಹೊರಗಿರುವ ಪದಾರ್ಥಗಳಾವುವೆಂದು ಕೇಳಿ, ಗಂಜಿಗೇ ಹೆಸರುಬೇಳೆ ಸೇರಿಸಲು, ರಾಗಿ ಅಂಬಲಿ, ಮಜ್ಜಿಗೆ, ಒಗ್ಗುವವರಿಗೆ ಬೇಯಿಸಿದ ಮೊಟ್ಟೆ ಕೊಡಲು ಹೇಳಿದರೆ ಪಥ್ಯವೂ ಉಳಿಯುತ್ತದೆ, ಪುಷ್ಟಿಯೂ ಸಿಗುತ್ತದೆ.

ಬಾಯಿಯ ಕ್ಯಾನ್ಸರಿನಲ್ಲಿ ತಾಂಬೂಲದ ಪ್ರಶ್ನೆ ಬರುತ್ತದೆ. ಹೊಗೆಸೊಪ್ಪು ಮಾತ್ರವಲ್ಲದೆ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ಪ್ರಕಟಣೆಯಲ್ಲಿ ವರ್ಗೀಕರಿಸಿದೆ. ಆದರೆ ಎಲೆ-ಅಡಿಕೆ ನಮ್ಮಲ್ಲಿ ಚಟ ಮಾತ್ರವಲ್ಲ. ಮದುವೆಯ ವೀಳ್ಯಶಾಸ್ತ್ರ, ಅತಿಥಿಸತ್ಕಾರ, ಜಗಳದ ರಾಜಿ ಎಲ್ಲದಕ್ಕೂ ಅದು ಸಾಕ್ಷಿ. ಎಲೆ-ಅಡಿಕೆ ಬಿಟ್ಟವನು ಜಗಲಿಯ ಕೂಟದಿಂದಲೂ ದೂರವಾಗುತ್ತಾನೆ. ತಾಂಬೂಲವನ್ನು ಕೈಯಲ್ಲಿ ಸ್ವೀಕರಿಸಿ ಬಾಯಿಗೆ ಹಾಕದಿರುವುದು, ಮೆಲ್ಲಲು ಏಲಕ್ಕಿ, ಲವಂಗ ಇಟ್ಟುಕೊಳ್ಳುವುದು ಮುಂತಾದ ದಾರಿಗಳನ್ನು ರೋಗಿಯೊಡನೆ ಕೂಡಿ ಹುಡುಕಬೇಕಾಗುತ್ತದೆ.

ಔಷಧಿಯಿಂದ ಕೂದಲು ಉದುರುವುದಕ್ಕೂ ಎರಡು ಅರ್ಥಗಳಿವೆ. ಬೋಳುತಲೆ ಒಂದು ಕಡೆ ಹಿಂದಿನ ಕಾಲದ ವಿಧವೆಯ ಗುರುತು, ಇನ್ನೊಂದು ಕಡೆ ಮಲೆಮಹದೇಶ್ವರನಿಗೋ ತಿಮ್ಮಪ್ಪನಿಗೋ ಮುಡಿ ಕೊಟ್ಟ ಹರಕೆಯ ಗುರುತು. ಯಾವ ಅರ್ಥವನ್ನು ಆರಿಸಿಕೊಳ್ಳಬೇಕೆಂಬುದು ಆ ಹೆಂಗಸಿಗೇ ಬಿಟ್ಟದ್ದು. ಚಿಕಿತ್ಸೆ ಮುಗಿದ ಮೇಲೆ ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆಂಬ ಮಾತನ್ನು ಉದುರುವ ಮೊದಲೇ ಹೇಳುವುದು ಮಾರ್ಗದರ್ಶಕನ ಕರ್ತವ್ಯ.

ಇವೆಲ್ಲಕ್ಕಿಂತ ಆಳವಾದುದು ತಪ್ಪಿನ ಭಾವ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಆರೋಗ್ಯವಂತರಿಗೆ ವಿವೇಕ, ರೋಗಿಗೆ ಆಪಾದನೆ. ಎಲೆ-ಅಡಿಕೆ ಮುಟ್ಟದ, ಹಿತಮಿತವಾಗಿ ಉಂಡ ವ್ಯಕ್ತಿ ತನಗೇಕೆ ಬಂತೆಂದು ಕೇಳುತ್ತಾನೆ. ಉತ್ತರ ಸಿಗದೆ ಹಿಂದಿನ ಜನ್ಮದ ಕರ್ಮವನ್ನೋ, ಮಾಟವನ್ನೋ ಹುಡುಕುತ್ತಾನೆ. ಮನೆಯವರು ಅಂಟೀತೆಂದು ತಟ್ಟೆ ಲೋಟ ಬೇರೆ ಇಟ್ಟರಂತೂ ಆ ಭಾವ ಇಮ್ಮಡಿಯಾಗುತ್ತದೆ. ಜೊತೆಯಲ್ಲಿ ಉಣ್ಣುವುದರಿಂದ, ಮುಟ್ಟುವುದರಿಂದ ಕ್ಯಾನ್ಸರ್ ಅಂಟುವುದಿಲ್ಲ ಎಂಬ ಮಾತನ್ನು ರೋಗಿಗಿಂತ ಮೊದಲು ಮನೆಯವರಿಗೆ ಹೇಳಬೇಕು.

5. ನಾಟಿ ಮದ್ದು ಮತ್ತು ಆಸ್ಪತ್ರೆ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ನರಸೀಪುರಕ್ಕೆ ಕ್ಯಾನ್ಸರ್ ಮದ್ದಿಗಾಗಿ ದೇಶದ ನಾನಾ ಭಾಗಗಳಿಂದ ಜನರು ಬರುತ್ತಿದ್ದರು. 2020ರಲ್ಲಿ ಅಲ್ಲಿನ ಹಿರಿಯ ನಾಟಿ ವೈದ್ಯರು ತೀರಿಕೊಳ್ಳುವವರೆಗೆ ಗುರುವಾರ ಮತ್ತು ಭಾನುವಾರಗಳಂದು ಆ ಸಣ್ಣ ಊರಿನಲ್ಲಿ ಉದ್ದನೆಯ ಸಾಲು ನಿಲ್ಲುತ್ತಿತ್ತು. ಬಂದವರಲ್ಲಿ ಅನೇಕರ ಕೈಯಲ್ಲಿ ದೊಡ್ಡ ಆಸ್ಪತ್ರೆಗಳ ವರದಿಗಳಿರುತ್ತಿದ್ದವು. ಇಂತಹ ಗಿಡಮೂಲಿಕೆ ಮದ್ದುಗಳು ಕ್ಯಾನ್ಸರನ್ನು ಗುಣಪಡಿಸುತ್ತವೆಂಬುದು ವೈಜ್ಞಾನಿಕ ಪ್ರಯೋಗಗಳಿಂದ ಸಿದ್ಧಪಟ್ಟಿಲ್ಲ. ಹಾಗಿದ್ದೂ ಜನರು ಅಲ್ಲಿಗೆ ಹೋದದ್ದನ್ನು ಅಜ್ಞಾನವೆಂದು ತಳ್ಳಿಹಾಕಿದರೆ ಅಧ್ಯಯನ ಅಲ್ಲಿಗೇ ನಿಲ್ಲುತ್ತದೆ. ಕೈಗೆಟಕುವ ಖರ್ಚು, ತಿಳಿಯುವ ಭಾಷೆ, ಮನೆಯಲ್ಲಿಯೇ ತಯಾರಿಸಿ ಕೊಡುವ ಕಷಾಯ ಇವು ಮನೆಯವರಿಗೆ ಮಾಡಲು ಒಂದು ಕೆಲಸವನ್ನು ಕೊಡುತ್ತವೆ. ಆಸ್ಪತ್ರೆಯಲ್ಲಿ ಅವರು ಬರಿದೆ ಕಾಯುವವರು. ಇಲ್ಲಿ ಅವರೂ ಚಿಕಿತ್ಸೆಯ ಪಾಲುದಾರರು.

ಅಪಾಯವಿರುವುದು ವಿಳಂಬದಲ್ಲಿ. ಬೇಗ ಪತ್ತೆಯಾದರೆ ಗುಣವಾಗಬಲ್ಲ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ಕೆಲವು ತಿಂಗಳ ಕಾಯುವಿಕೆಯೂ ಗುಣವಾಗುವ ಅವಕಾಶವನ್ನು ಕಳೆದುಬಿಡಬಹುದು. ಕೆಲವು ಮೂಲಿಕೆಗಳು ಆಸ್ಪತ್ರೆಯ ಔಷಧಿಯೊಡನೆ ಹೊಂದದೆ ಹೋಗಬಹುದು. ನಾಟಿ ಮದ್ದಿಗೆ ಬೈಯುವ ವೈದ್ಯರ ಮುಂದೆ ರೋಗಿ ಅದನ್ನು ಮುಚ್ಚಿಡುತ್ತಾನೆ. ಬೈಯದೆ ಕೇಳುವ ಮಾರ್ಗದರ್ಶಕನಿಗೆ ಮಾತ್ರ ನಿಜ ತಿಳಿಯುತ್ತದೆ. ಆಗ ಆಸ್ಪತ್ರೆಯ ದಿನಾಂಕ ತಪ್ಪಿಸಬೇಡಿ, ಏನೇ ತೆಗೆದುಕೊಂಡರೂ ವೈದ್ಯರಿಗೆ ತಿಳಿಸೋಣ ಎಂದು ಹೇಳಲು ಅವನಿಗೆ ದಾರಿಯಾಗುತ್ತದೆ.

6. ನೋವು ಮತ್ತು ಕೊನೆಯ ದಿನಗಳು

ಎಲ್ಲ ಕ್ಯಾನ್ಸರುಗಳೂ ಗುಣವಾಗುವುದಿಲ್ಲ. 'ಇನ್ನು ಏನೂ ಮಾಡಲಾಗದು, ಮನೆಗೆ ಕರೆದುಕೊಂಡು ಹೋಗಿ' ಎಂಬ ಮಾತು ಕುಟುಂಬವೊಂದು ಕೇಳಬಹುದಾದ ಅತ್ಯಂತ ಕಠಿಣ ಮಾತು, ಮತ್ತು ಅದು ಸರಿಯಾದ ಮಾತೂ ಅಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮವನ್ನು ಸ್ಥಾಪಿಸಿದ ಸಿಸಿಲಿ ಸಾಂಡರ್ಸ್, ನೋವೆಂಬುದು ದೇಹ, ಮನಸ್ಸು, ಸಂಬಂಧ, ಆತ್ಮ ಈ ನಾಲ್ಕನ್ನೂ ಒಳಗೊಂಡ 'ಸಮಗ್ರ ನೋವು' ಎಂದರು. ಕನ್ನಡದ 'ಸಂಕಟ' ಎಂಬ ಮಾತಿನಲ್ಲಿ ಈ ನಾಲ್ಕೂ ಸೇರಿವೆ. ಕೋಯಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಮನ ಆರೈಕೆಯ ಸಂಘವು ಮುಂದೆ ನೆರೆಹೊರೆಯವರನ್ನೇ ತರಬೇತುಗೊಳಿಸಿ ಮನೆಗಳಿಗೆ ಕಳಿಸುವ ಕ್ರಮವನ್ನು ಬೆಳೆಸಿತು. ಬೆಂಗಳೂರಿನಲ್ಲಿ 1994ರಲ್ಲಿ ನ್ಯಾಸವಾಗಿ ರೂಪುಗೊಂಡು 1999ರಲ್ಲಿ ಆಶ್ರಯಧಾಮ ತೆರೆದ ಕರುಣಾಶ್ರಯವು ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಆರೈಕೆ ನೀಡುತ್ತ ಬಂದಿದೆ.

ಬಾಯಿಯ ಮೂಲಕ ಕೊಡುವ ಮಾರ್ಫಿನ್ ತೀವ್ರ ನೋವಿಗೆ ಪರಿಣಾಮಕಾರಿ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಸೂಚಿಸಿದ ಮೂರು ಮೆಟ್ಟಿಲುಗಳ ಕ್ರಮದಲ್ಲಿ ಇಂತಹ ಔಷಧಿಗಳದು ಕೊನೆಯ ಮೆಟ್ಟಿಲು. ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ಭಾರತದಲ್ಲಿ ಬಹುಕಾಲ ಅದು ರೋಗಿಗಳಿಗೆ ದುರ್ಲಭವಾಗಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಆದರೂ ನೋವುಣ್ಣುವುದು ಹಣೆಬರಹ, ಅನುಭವಿಸಿ ತೀರಿಸಬೇಕೆಂಬ ನಂಬಿಕೆಯಿಂದ ರೋಗಿಗಳು ನೋವನ್ನು ಹೇಳಿಕೊಳ್ಳುವುದಿಲ್ಲ. ಅಂಥವರ ನೋವನ್ನು ಕೇಳಿ ಪಡೆಯಬೇಕಾಗುತ್ತದೆ.

ಕೊನೆಯ ದಿನಗಳಲ್ಲಿ ರೋಗಿಯ ಬಯಕೆಗಳು ಬಹುಪಾಲು ಚಿಕ್ಕವು: ತನ್ನ ಮನೆಯ ನಡುಮನೆಯಲ್ಲಿ ಮಲಗಬೇಕು, ಮುನಿಸಿಕೊಂಡ ತಮ್ಮನನ್ನು ಕಾಣಬೇಕು, ಮನೆದೇವರ ಹರಕೆ ತೀರಬೇಕು, ಮಗಳ ಮದುವೆಯ ಮಾತು ಗೊತ್ತಾಗಬೇಕು. ಇವುಗಳನ್ನು ಕೇಳಿ ತಿಳಿದು ಸಾಧ್ಯವಾದಷ್ಟನ್ನು ನಡೆಸಿಕೊಡುವುದೂ ಚಿಕಿತ್ಸೆಯ ಭಾಗವೇ. ಹಗಲಿರುಳು ಪಕ್ಕದಲ್ಲಿರುವ ಹೆಂಡತಿಯೋ ಸೊಸೆಯೋ ಉಂಡಳೇ, ಮಲಗಿದಳೇ ಎಂದು ವಿಚಾರಿಸುವುದೂ ಅದರಲ್ಲಿ ಸೇರುತ್ತದೆ. ರೋಗಿ ತೀರಿಕೊಂಡ ಮೇಲೆ ತಿಥಿಯ ತನಕ ತುಂಬಿದ್ದ ಮನೆ ಆಮೇಲೆ ಒಮ್ಮೆಲೇ ಬರಿದಾಗುತ್ತದೆ. ಮಾರ್ಗದರ್ಶಕನ ಒಂದು ಭೇಟಿಗೆ ಹೆಚ್ಚು ಬೆಲೆಯಿರುವುದು ಆಗಲೇ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕನ್ನಡ ಜನಪದ ಬದುಕಿನಲ್ಲಿ ರೋಗಿಯ ಜೊತೆ ನಿಲ್ಲುವ ಪಾತ್ರಗಳಿದ್ದವು. ಆದರೆ ಕ್ಯಾನ್ಸರ್ ಆ ಪಾತ್ರಗಳ ಹೊರಗೆ ಉಳಿದ ರೋಗವಾದ್ದರಿಂದ ಅದಕ್ಕೆ ಮೌನವೇ ಆಚರಣೆಯಾಯಿತು. ಈ ಮೌನವನ್ನು ಕರಪತ್ರಗಳಿಂದ ಮಾತ್ರ ಒಡೆಯಲಾಗದು. ಸೂಲಗಿತ್ತಿಯಂತೆ ಮನೆಯನ್ನು ಬಲ್ಲ, ಗೆಳತಿಯಂತೆ ಕೇಳಿಸಿಕೊಳ್ಳುವ, ಅಂಬಿಗನಂತೆ ಆಚೆ ದಡದವರೆಗೆ ಜೊತೆಗಿರುವ ವ್ಯಕ್ತಿಯೊಬ್ಬರು ಪ್ರತಿ ರೋಗಿಗೂ ಬೇಕು.

ಜಾನಪದ ಅಧ್ಯಯನವು ಈ ಕಾರ್ಯಕ್ಕೆ ನೀಡಬಹುದಾದ ಕೊಡುಗೆಯೂ ಸ್ಪಷ್ಟವಾಗಿದೆ. ರೋಗ, ನೋವು, ಪಥ್ಯ, ದೇಹಭಾಗಗಳ ಕುರಿತು ಪ್ರದೇಶವಾರು ಪದಕೋಶಗಳನ್ನು ಸಿದ್ಧಪಡಿಸುವುದು, ರೋಗಿಗಳ ಮತ್ತು ಆರೈಕೆ ಮಾಡಿದವರ ಅನುಭವಕಥನಗಳನ್ನು ಅವರ ಒಪ್ಪಿಗೆಯೊಡನೆ, ಗುರುತು ಬಯಲಾಗದಂತೆ ದಾಖಲಿಸುವುದು, ಆಶಾ ಕಾರ್ಯಕರ್ತೆಯರ ಹಾಗೂ ದಾದಿಯರ ತರಬೇತ���ಯಲ್ಲಿ ಈ ಸಾಮಗ್ರಿಯನ್ನು ಬಳಸುವುದು ತುರ್ತಾಗಿ ಆಗಬೇಕಾದ ಕೆಲಸಗಳು. ಮುಳವಾಡದ ರೈತನಿಗೂ ಮಡಿಕೇರಿಯ ತೋಟದ ಕೂಲಿಯಾಳಿಗೂ ಔಷಧಿ ಒಂದೇ ಇರಬಹುದು. ಆ ಔಷಧಿಯನ್ನು ಅವರವರ ಮಾತಿನಲ್ಲಿ ಅವರವರ ಮನೆಯ ಹೊಸ್ತಿಲು ದಾಟಿಸುವ ಕೆಲಸಕ್ಕೆ ಜನಪದರ ಮಾತು ಬಲ್ಲವರ ನೆರವು ಅಗತ್ಯ.